ಸೋರಿಹೋದ ಶೀತಕ ಹೋಗುವುದೆಲ್ಲಿಗೆ?

ಹಸಿರುಮನೆ ಅನಿಲಗಳು ಭೂಮಿಯನ್ನು ಕಾಯಿಸುವ ಬಗೆ ಮತ್ತು ಸಣ್ಣ ಉದ್ದಿಮೆಗಳು ಇಡಬೇಕಾದ ಲೆಕ್ಕ

ಬೇಸಿಗೆ ಕಾಲಿಟ್ಟೊಡನೆ ಹೋಟೆಲು, ಔಷಧದ ಅಂಗಡಿ, ಐಸ್‌ಕ್ರೀಂ ತಯಾರಿಕಾ ಘಟಕ ಮತ್ತು ಶೀತಲಗೃಹಗಳಲ್ಲಿ ವರ್ಷವರ್ಷವೂ ಕೇಳಿಬರುವ ಮಾತೊಂದಿದೆ: "ಗ್ಯಾಸ್ ಕಡಿಮೆಯಾಗಿದೆ, ತುಂಬಿಸಬೇಕು." ಮೆಕ್ಯಾನಿಕ್ ಬರುತ್ತಾನೆ, ಸಿಲಿಂಡರ್ ಜೋಡಿಸುತ್ತಾನೆ, ಬಿಲ್ ಕೊಟ್ಟು ಹೋಗುತ್ತಾನೆ. ಯಂತ್ರ ಮತ್ತೆ ತಂಪು ಕೊಡತೊಡಗುತ್ತದೆ. ಮುಂದಿನ ಬೇಸಿಗೆಗೆ ಅದೇ ಮಾತು, ಅದೇ ಬಿಲ್. ಮಾಲೀಕರು ಇದನ್ನು ದುರಸ್ತಿ ಖರ್ಚಿನ ಬಾಬ್ತಿಗೆ ಬರೆದುಕೊಂಡು ಸುಮ್ಮನಾಗುತ್ತಾರೆ.

ಆದರೆ ಶೀತಕವು ಡೀಸೆಲ್ಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳೊಳಗೆ ಅದು ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ಸುತ್ತುತ್ತಲೇ ಇರುತ್ತದೆ. ಯಂತ್ರ ಸುಸ್ಥಿತಿಯಲ್ಲಿದ್ದರೆ ಮೊದಲ ದಿನ ತುಂಬಿದ ಶೀತಕವೇ ಹಲವು ವರ್ಷ ಬರಬೇಕು. ಅದು ಕಡಿಮೆಯಾಗಿದೆಯೆಂದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ. ಸೋರಿದ್ದು ಎಲ್ಲಿಗೆ ಹೋಯಿತು, ಅಲ್ಲಿ ಏನು ಮಾಡುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ ಭೂತಾಪ ಏರಿಕೆಯ ಇಡೀ ಕಥೆ ತೆರೆದುಕೊಳ್ಳುತ್ತದೆ. ಜೊತೆಗೆ, ಮುಂದಿನ ಕೆಲವು ವರ್ಷಗಳಲ್ಲಿ ಪ್ರತಿಯೊಬ್ಬ ಉದ್ದಿಮೆದಾರನೂ ಎದುರಿಸಬೇಕಾದ ವೆಚ್ಚವೊಂದರ ಮುನ್ಸೂಚನೆಯೂ ದೊರೆಯುತ್ತದೆ.

ಸೋರಿಕೆಯ ಎಂಜಿನಿಯರ್

ಈ ಪ್ರಶ್ನೆಯನ್ನು ಉದ್ಯೋಗದ ನಿಮಿತ್ತ ಎದುರಿಸಿದ ಭಾರತೀಯರೊಬ್ಬರಿದ್ದಾರೆ. 1944ರಲ್ಲಿ ಜನಿಸಿದ ವೀರಭದ್ರನ್ ರಾಮನಾಥನ್ ಅವರು ಬಾಲ್ಯದ ಕೆಲವು ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು. ಎಂಜಿನಿಯರಿಂಗ್ ಪದವಿ ಮುಗಿಸಿದ ಮೇಲೆ ಸಿಕಂದರಾಬಾದಿನ ಶೀತಕಯಂತ್ರ ಉದ್ದಿಮೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಯಂತ್ರಗಳಿಂದ ಶೀತಕವು ಏಕೆ ಸೋರುತ್ತಿದೆ, ಅದನ್ನು ತಡೆಯುವುದು ಹೇಗೆ ಎಂದು ಕಂಡುಹಿಡಿಯುವುದು ಅವರ ಪಾಲಿಗೆ ಬಂದ ಕೆಲಸಗಳಲ್ಲೊಂದಾಗಿತ್ತು. ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿ, ಹೆಚ್ಚಿನ ಅಧ್ಯಯನಕ್ಕೆ ಅಮೆರಿಕಕ್ಕೆ ತೆರಳಿದರು. ಅಲ್ಲಿ ಅವರ ಅಧ್ಯಯನದ ವಿಷಯ ಗ್ರಹಗಳ ವಾತಾವರಣದತ್ತ ತಿರುಗಿತು.

1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲ್ಯಾಂಡ್ ಎಂಬ ವಿಜ್ಞಾನಿಗಳು, ಫ್ರಿಯಾನ್ ಎಂದು ಜನ ಕರೆಯುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್‌ಗಳು ಓಝೋನ್ ಪದರವನ್ನು ಹಾಳುಮಾಡಬಲ್ಲವೆಂದು ತೋರಿಸಿದ್ದರು. ಮರುವರ್ಷ, ಅಂದರೆ 1975ರಲ್ಲಿ, ರಾಮನಾಥನ್ ಅವರು ಅದೇ ಅನಿಲಗಳ ಮತ್ತೊಂದು ಮುಖವನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಓಝೋನಿನ ಮಾತು ಹಾಗಿರಲಿ, ಈ ಅನಿಲಗಳು ಭೂಮಿಯ ಶಾಖವನ್ನು ಹಿಡಿದಿಡುವುದರಲ್ಲಿ ಇಂಗಾಲದ ಡೈಆಕ್ಸೈಡನ್ನು ಸಾವಿರಾರು ಪಟ್ಟು ಮೀರಿಸುತ್ತವೆ ಎಂಬುದು ಆ ಪ್ರಬಂಧದ ಸಾರ. ಅಲ್ಲಿಯವರೆಗೆ ಭೂತಾಪದ ಚರ್ಚೆಯು ಬಹುಮಟ್ಟಿಗೆ ಇಂಗಾಲದ ಡೈಆಕ್ಸೈಡಿಗೆ ಸೀಮಿತವಾಗಿತ್ತು. ಸಿಲಿಂಡರಿನಲ್ಲಿ ಕಿಲೋ ಲೆಕ್ಕದಲ್ಲಿ ಮಾರಾಟವಾಗುವ ವಸ್ತುವೂ ಭೂಮಿಯ ಹವೆಯನ್ನು ಬದಲಿಸಬಲ್ಲದೆಂಬುದು ಹೊಸ ಸಂಗತಿಯಾಗಿತ್ತು.

ಭೂಮಿಯ ಜಮಾ-ಖರ್ಚು

ಇಷ್ಟು ಅಲ್ಪ ಪ್ರಮಾಣದ ಅನಿಲ ಇಷ್ಟು ದೊಡ್ಡ ಕೆಲಸ ಮಾಡುವುದು ಹೇಗೆ? ಇದನ್ನು ಅರಿಯಲು ಭೂಮಿಯ ಜಮಾ-ಖರ್ಚಿನ ಪುಸ್ತಕವನ್ನೊಮ್ಮೆ ತೆರೆಯಬೇಕು. ಭೂಗೋಳದ ಮೇಲೆಲ್ಲ ಹಂಚಿ ಸರಾಸರಿ ತೆಗೆದರೆ, ಪ್ರತಿ ಚದರ ಮೀಟರಿಗೆ ಸೂರ್ಯನಿಂದ ಬರುವ ಶಕ್ತಿ ಸುಮಾರು 340 ವ್ಯಾಟ್. ಇದರಲ್ಲಿ ಸುಮಾರು 100 ವ್ಯಾಟ್ ಮೋಡ, ಹಿಮ, ಮರಳು ಮುಂತಾದವುಗಳಿಂದ ಪ್ರತಿಫಲಿಸಿ ಹಾಗೆಯೇ ಹಿಂದಿರುಗುತ್ತದೆ. ಉಳಿದ 240 ವ್ಯಾಟ್ ಭೂಮಿಯ ನಿವ್ವಳ ಆದಾಯ.

ಪಡೆದಷ್ಟನ್ನೂ ಭೂಮಿ ಹಿಂದಿರುಗಿಸಲೇಬೇಕು. ಸೂರ್ಯನಿಂದ ಬರುವ ಶಕ್ತಿಯ ದೊಡ್ಡ ಪಾಲು ಕಣ್ಣಿಗೆ ಕಾಣುವ ಬೆಳಕಿನ ರೂಪದಲ್ಲಿರುತ್ತದೆ. ಭೂಮಿ ಹಿಂದಿರುಗಿಸುವುದು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳ ರೂಪದಲ್ಲಿ. ಕಾದ ಹೆಂಚಿನ ಮೇಲೆ ಅಂಗೈ ಹಿಡಿದಾಗ, ಮುಟ್ಟದೆಯೇ ತಟ್ಟುವ ಬಿಸಿಯ ಬಹುಪಾಲು ಇದೇ ಕಿರಣ. ವಾತಾವರಣದಲ್ಲಿ ಶೇಕಡಾ 78ರಷ್ಟಿರುವ ಸಾರಜನಕ ಮತ್ತು ಶೇಕಡಾ 21ರಷ್ಟಿರುವ ಆಮ್ಲಜನಕಗಳು ಈ ಕಿರಣಗಳಿಗೆ ಅಡ್ಡ ಬರುವುದಿಲ್ಲ. ಒಂದೇ ಬಗೆಯ ಎರಡು ಪರಮಾಣುಗಳಿಂದಾದ ಅವುಗಳ ಅಣುಗಳು ಅವಗೆಂಪು ಕಿರಣಕ್ಕೆ ಸ್ಪಂದಿಸವು. ನೀರಿನ ಆವಿ, ಇಂಗಾಲದ ಡೈಆಕ್ಸೈಡ್, ಮೀಥೇನ್, ನೈಟ್ರಸ್ ಆಕ್ಸೈಡ್‌ಗಳ ಅಣುಗಳಾದರೋ ಬೇರೆ ಬಗೆಯವು. ಅವು ಬಾಗಿ ಬಳುಕಿ ಕಂಪಿಸಬಲ್ಲವು. ಆದ್ದರಿಂದ ಭೂಮಿಯಿಂದ ಹೊರಟ ಕಿರಣಗಳನ್ನು ಹೀರಿಕೊಂಡು, ಆ ಶಕ್ತಿಯ ಒಂದು ಭಾಗವನ್ನು ಮತ್ತೆ ಕೆಳಮುಖವಾಗಿ ಕಳುಹಿಸುತ್ತವೆ.

ಪರಿಣಾಮವಾಗಿ, ಭೂಮಿಯ ಮೇಲ್ಮೈ ಪ್ರತಿ ಚದರ ಮೀಟರಿಗೆ ಸುಮಾರು 400 ವ್ಯಾಟ್‌ನಷ್ಟು ಶಾಖವನ್ನು ಹೊರಸೂಸಿದರೂ ವಾತಾವರಣದ ತುದಿಯನ್ನು ದಾಟಿ ಹೋಗುವುದು ಸುಮಾರು 240 ವ್ಯಾಟ್ ಮಾತ್ರ. ಈ ಹಿಡಿತವಿಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತಿತ್ತು. ಇರುವುದು ಸುಮಾರು 15 ಡಿಗ್ರಿ. ಹಸಿರುಮನೆ ಅನಿಲಗಳು ಸ್ವಭಾವತಃ ಶತ್ರುಗಳಲ್ಲ, ಜೀವಸಂಕುಲದ ಆಸರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಇಂದಿನ ಸಮಸ್ಯೆ ಅವುಗಳ ಅಸ್ತಿತ್ವದ್ದಲ್ಲ, ಅವುಗಳ ಹೆಚ್ಚಳದ್ದು.

'ಹಸಿರುಮನೆ' ಎಂಬ ಹೆಸರೂ ಪೂರ್ಣವಾಗಿ ಸರಿಯಲ್ಲ. ಹೂ, ತರಕಾರಿ ಬೆಳೆಯುವ ಪಾಲಿಹೌಸಿನೊಳಗೆ ಸೆಕೆ ಹೆಚ್ಚುವುದು ಮುಖ್ಯವಾಗಿ ಬಿಸಿಗಾಳಿ ಮೇಲೇರಿ ಹೊರಹೋಗದಂತೆ ಹೊದಿಕೆ ತಡೆಯುವುದರಿಂದ. ವಾತಾವರಣದ ಅನಿಲಗಳು ಗಾಳಿಯನ್ನು ತಡೆಯುವುದಿಲ್ಲ, ಕಿರಣವನ್ನು ತಡೆಯುತ್ತವೆ. ಅವುಗಳ ಪ್ರಮಾಣ ಹೆಚ್ಚಿದಂತೆ ಶಾಖವು ಆಕಾಶಕ್ಕೆ ಪಾರಾಗುವ ಮಟ್ಟ ಮೇಲೆ ಮೇಲೆ ಸರಿಯುತ್ತದೆ. ಎತ್ತರದ ಗಾಳಿ ತಣ್ಣಗಿರುವುದರಿಂದ ಅಲ್ಲಿಂದ ಹೊರಹೋಗುವ ಶಾಖವೂ ಕಡಿಮೆ. ಆಗ ಖರ್ಚು ಆದಾಯಕ್ಕಿಂತ ಕಡಿಮೆಯಾಗಿ, ಉಳಿದ ಶಾಖ ಭೂಮಿಯಲ್ಲೇ ಜಮೆಯಾಗುತ್ತದೆ. ವ್ಯಾಪಾರದಲ್ಲಿ ಉಳಿತಾಯ ಲಾಭಕರವಾದರೂ ಈ ಪುಸ್ತಕದಲ್ಲಿ ಉಳಿತಾಯವೇ ಹಾನಿ. ಹೀಗೆ ಜಮೆಯಾದ ಶಾಖದ ಸುಮಾರು ಶೇಕಡಾ 90ರಷ್ಟು ಸಮುದ್ರಗಳಿಗೆ ಸೇರುತ್ತಿದೆ. ಜಮಾ-ಖರ್ಚು ಮತ್ತೆ ಸರಿತೂಗುವವರೆಗೂ ಭೂಮಿ ಬಿಸಿಯಾಗುತ್ತಲೇ ಹೋಗುತ್ತದೆ.

ಬಾಕಿಯ ಪಟ್ಟಿ

ಈ ತಿಳಿವಳಿಕೆ ನಿನ್ನೆ ಮೊನ್ನೆಯದಲ್ಲ. ಯೂನಿಸ್ ಫೂಟ್ 1856ರಲ್ಲಿ, ಜಾನ್ ಟಿಂಡಾಲ್ 1859ರಲ್ಲಿ ಪ್ರಯೋಗಗಳ ಮೂಲಕ ಇದರ ಅಡಿಪಾಯ ಹಾಕಿದರು. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್, ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾದೀತೆಂದು ಕೈಯಿಂದಲೇ ಲೆಕ್ಕ ಹಾಕಿದರು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳತೆ ಆರಂಭಿಸಿದಾಗ, ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಭಾಗವಿತ್ತು. 2024ರ ಸರಾಸರಿ 424ನ್ನು ದಾಟಿತು. ಕೈಗಾರಿಕಾ ಯುಗಕ್ಕೆ ಮುಂಚೆ ಅದು ಸುಮಾರು 280 ಮಾತ್ರ ಇತ್ತು. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ನೇ ವರ್ಷವು 1850-1900ರ ಸರಾಸರಿಗಿಂತ ಸುಮಾರು 1.55 ಡಿಗ್ರಿ ಹೆಚ್ಚು ಬಿಸಿಯಾಗಿತ್ತು.

ಯಾವ ಅನಿಲದ ಪಾಲು ಎಷ್ಟು? ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿಯು 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ 1750ರಿಂದ 2019ರವರೆಗಿನ ಹೆಚ್ಚಳದ ಲೆಕ್ಕವಿದೆ. ಇಂಗಾಲದ ಡೈಆಕ್ಸೈಡ್ ಪ್ರತಿ ಚದರ ಮೀಟರಿಗೆ 2.16 ವ್ಯಾಟ್, ಮೀಥೇನ್ 0.54, ನೈಟ್ರಸ್ ಆಕ್ಸೈಡ್ 0.21, ಮತ್ತು ಶೀತಕಗಳು ಬಹುವಾಗಿ ಸೇರಿರುವ ಹ್ಯಾಲೋಜನ್‌ಯುಕ್ತ ಅನಿಲಗಳು 0.41 ವ್ಯಾಟ್. ಹೊಗೆ, ಧೂಳಿನ ಕಣಗಳು ಬಿಸಿಲನ್ನು ಹಿಂದಕ್ಕಟ್ಟಿ ಇದರಲ್ಲೊಂದು ಪಾಲನ್ನು ಮರೆಮಾಚುತ್ತವೆ. ಕಲ್ಲಿದ್ದಲು, ತೈಲ ಉರಿಸುವುದರಿಂದ ಬರುವ ಇಂಗಾಲದ ಡೈಆಕ್ಸೈಡೇ ಪ್ರಧಾನ ಆರೋಪಿ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅಂಗಡಿಯ ಹಿಂಬದಿಯ ಯಂತ್ರಗಳಿಂದ ಹೊರಟ ಅನಿಲಗಳ ಗುಂಪು, ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದೂ, ನೈಟ್ರಸ್ ಆಕ್ಸೈಡನ್ನು ಹಿಂದಿಕ್ಕಿದೆ.

ತೆರೆದಿದ್ದ ಕಿಟಕಿ

ಇದಕ್ಕೆ ಕಾರಣ ಕುತೂಹಲಕಾರಿಯಾಗಿದೆ. ಭೂಮಿಯಿಂದ ಹೊರಡುವ ಅವಗೆಂಪು ಕಿರಣಗಳಲ್ಲಿ ಹಲವು ತರಂಗಾಂತರಗಳಿವೆ. ಇಂಗಾಲದ ಡೈಆಕ್ಸೈಡ್ ಮುಖ್ಯವಾಗಿ 15 ಮೈಕ್ರಾನ್ ಸುತ್ತಮುತ್ತಲಿನ ಕಿರಣಗಳನ್ನು ಹಿಡಿಯುತ್ತದೆ. ನೀರಿನ ಆವಿ ಬೇರೆ ಹಲವು ಭಾಗಗಳನ್ನು ಹಿಡಿಯುತ್ತದೆ. ಸುಮಾರು 8ರಿಂದ 12 ಮೈಕ್ರಾನ್‌ವರೆಗಿನ ಭಾಗ ಮಾತ್ರ ಬಹುಮಟ್ಟಿಗೆ ತೆರೆದಿರುತ್ತದೆ. ವಿಜ್ಞಾನಿಗಳು ಇದನ್ನು ವಾತಾವರಣದ ಕಿಟಕಿ ಎನ್ನುತ್ತಾರೆ. ಮೋಡವಿಲ್ಲದ ರಾತ್ರಿಯಲ್ಲಿ ನೆಲ ಬೇಗನೆ ತಣ್ಣಗಾಗುವುದರಲ್ಲಿ ಈ ಕಿಟಕಿಯ ಪಾತ್ರ ದೊಡ್ಡದು.

ಇಂಗಾಲ ಮತ್ತು ಫ್ಲೋರಿನ್ ಪರಮಾಣುಗಳ ನಡುವಿನ ಬಂಧವು ಕಂಪಿಸುವುದು ಸರಿಯಾಗಿ ಈ ಕಿಟಕಿಯ ವ್ಯಾಪ್ತಿಯಲ್ಲಿಯೇ. ಈಗಾಗಲೇ ಮುಚ್ಚಿರುವ ಗೋಡೆಗೆ ಮತ್ತೊಂದು ಪದರ ಗಾರೆ ಬಳಿದರೆ ಆಗುವ ವ್ಯತ್ಯಾಸ ಅಲ್ಪ, ತೆರೆದ ಕಿಟಕಿಗೆ ಒಂದೇ ಹಲಗೆ ಬಡಿದರೂ ಗಾಳಿ ನಿಲ್ಲುತ್ತದೆ. ಫ್ಲೋರಿನ್‌ಯುಕ್ತ ಶೀತಕಗಳ ಒಂದೊಂದು ಅಣುವೂ ಅಂತಹ ಹಲಗೆ. ಮೇಲಾಗಿ, ಯಂತ್ರದೊಳಗೆ ಕೆಡದೆ ಬಾಳಿಕೆ ಬರಲೆಂದು ರೂಪಿಸಿದ ಈ ವಸ್ತುಗಳು ಗಾಳಿಯಲ್ಲಿಯೂ ಬೇಗನೆ ಕೆಡವು. ಹಳೆಯ ಆರ್-12 ಶೀತಕದ ಆಯುಷ್ಯ ಸುಮಾರು ನೂರು ವರ್ಷ, ಆರ್-134ಎ ಸುಮಾರು 14 ವರ್ಷ, ಆರ್-32 ಸುಮಾರು 5 ವರ್ಷ ಇರುತ್ತವೆ.

ಶಾಖ ಹಿಡಿಯುವ ಶಕ್ತಿ ಮತ್ತು ಆಯುಷ್ಯ ಎರಡನ್ನೂ ಸೇರಿಸಿ, ನೂರು ವರ್ಷಗಳ ಅವಧಿಗೆ, ಒಂದು ಕಿಲೋ ಅನಿಲವು ಎಷ್ಟು ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮವೆಂದು ಹೇಳುವ ಅಂಕಿಯೇ ತಾಪವರ್ಧಕ ಸಾಮರ್ಥ್ಯ. ಅಂತಾರಾಷ್ಟ್ರೀಯ ಒಪ್ಪಂದಗಳ ಲೆಕ್ಕಾಚಾರದಲ್ಲಿ ಬಳಸುವ ಅಂಕಿಗಳಂತೆ ಆರ್-12ಕ್ಕೆ ಇದು 10,900, ಆರ್-22ಕ್ಕೆ 1,810, ಆರ್-134ಎಗೆ 1,430, ಆರ್-410ಎಗೆ ಸುಮಾರು 2,088, ಶೀತಲ ಕೋಣೆಗಳಲ್ಲಿ ಬಳಕೆಯಲ್ಲಿರುವ ಆರ್-404ಎಗೆ ಸುಮಾರು 3,922, ಆರ್-32ಕ್ಕೆ 675. ಪ್ರೊಪೇನ್, ಅಂದರೆ ಆರ್-290ರ ಸಾಮರ್ಥ್ಯ ಒಂದಂಕಿಯನ್ನು ದಾಟುವುದಿಲ್ಲ. ಅಮೋನಿಯಾದ್ದು ಸೊನ್ನೆ.

ಹತ್ತು ಕಿಲೋ ಸೋರಿಕೆಯ ಲೆಕ್ಕ

ಈ ಅಂಕಿಗಳನ್ನು ವ್ಯಾಪಾರದ ಭಾಷೆಗೆ ತಂದು ನೋಡಬಹುದು. ಆರ್-404ಎ ಬಳಸುವ ಶೀತಲ ಕೋಣೆಯೊಂದಕ್ಕೆ ವರ್ಷಕ್ಕೆ 10 ಕಿಲೋ ಶೀತಕ ಮರುಭರ್ತಿಯಾಗುತ್ತಿದೆ ಎಂದಿಟ್ಟುಕೊಳ್ಳೋಣ. ಗಾಳಿಗೆ ಸೇರಿದ ಆ 10 ಕಿಲೋ, ಸುಮಾರು 39 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಂದರೆ ಈ ಸೋರಿಕೆ ಸುಮಾರು 14,500 ಲೀಟರ್ ಡೀಸೆಲ್ ಸುಟ್ಟದ್ದಕ್ಕೆ ಸಮವಾಯಿತು. ಭಾರತದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸರಾಸರಿ ಸುಮಾರು 0.7 ಕಿಲೋ ಎಂದು ಹಿಡಿದರೆ ಇದು 56,000 ಯೂನಿಟ್ ವಿದ್ಯುತ್ತಿಗೆ ಸಮ. ಚಾವಣಿಯ ಮೇಲೆ ಸೌರಫಲಕ ಹಾಕಿಸಿ ಪರಿಸರಕ್ಕೆ ಮಾಡಿದ ಉಪಕಾರವೆಲ್ಲ ಸಡಿಲವಾದ ಒಂದು ನಟ್ಟಿನ ಮೂಲಕ ಸೋರಿಹೋಗಬಹುದು.

ಸೋರುವ ಯಂತ್ರ ಮಾಲೀಕನಿಗೂ ನಷ್ಟವನ್ನೇ ತರುತ್ತದೆ. ಶೀತಕ ಕಡಿಮೆಯಾದಂತೆ ಯಂತ್ರದ ತಂಪು ಕೊಡುವ ಶಕ್ತಿ ಕುಂದಿ, ಅದೇ ಕೆಲಸಕ್ಕೆ ಕಂಪ್ರೆಸರ್ ಹೆಚ್ಚು ಹೊತ್ತು ಓಡಬೇಕಾಗುತ್ತದೆ. ವಿದ್ಯುತ್ ಬಿಲ್ ಏರುತ್ತದೆ, ಕಂಪ್ರೆಸರಿನ ಆಯುಷ್ಯ ಇಳಿಯುತ್ತದೆ. ಶೀತಕದ ಬೆಲೆ ಈ ನಷ್ಟದ ಒಂದು ಭಾಗ ಮಾತ್ರ.

ಕಾನೂನಿನ ವೇಳಾಪಟ್ಟಿ

ಓಝೋನ್ ರಕ್ಷಣೆಗಾಗಿ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. ಅದರಂತೆ ಆರ್-12 ಮುಂತಾದವು ಮಾರುಕಟ್ಟೆಯಿಂದ ಹೊರಬಿದ್ದವು. ಆನಂತರದ ಆರ್-22 ಕೂಡ ಈಗ ನಿರ್ಗಮನದ ಹಾದಿಯಲ್ಲಿದೆ. ಹೊಸ ಯಂತ್ರಗಳ ತಯಾರಿಕೆಯಲ್ಲಿ ಅದರ ಬಳಕೆಯನ್ನು 2025ರ ಆರಂಭದಿಂದ ಭಾರತವು ನಿಲ್ಲಿಸಿದೆ. 2030ರ ಹೊತ್ತಿಗೆ, ಹಳೆಯ ಯಂತ್ರಗಳ ದುರಸ್ತಿಗೆ ಬೇಕಾದ ಅಲ್ಪ ಪ್ರಮಾಣದ ಹೊರತು, ಅದರ ಬಳಕೆ ಕೊನೆಗೊಳ್ಳಬೇಕಾಗಿದೆ.

ಇವುಗಳ ಜಾಗಕ್ಕೆ ಬಂದ ಹೈಡ್ರೋಫ್ಲೋರೋಕಾರ್ಬನ್‌ಗಳು ಓಝೋನಿಗೆ ಹಾನಿ ಮಾಡವು. ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ಅವೂ ಹಿಂದೆ ಬಿದ್ದಿಲ್ಲ. ಆದ್ದರಿಂದ 2016ರ ಅಕ್ಟೋಬರಿನಲ್ಲಿ ರುವಾಂಡಾದ ಕಿಗಾಲಿ ನಗರದಲ್ಲಿ ಒಪ್ಪಂದಕ್ಕೆ ತಿದ್ದುಪಡಿ ತರಲಾಯಿತು. ಭಾರತ ಅದನ್ನು 2021ರಲ್ಲಿ ಅನುಮೋದಿಸಿದೆ. ಅದರಂತೆ 2024, 2025 ಮತ್ತು 2026ರ ಬಳಕೆಯ ಸರಾಸರಿಯನ್ನು ಒಳಗೊಂಡ ಮೂಲಮಟ್ಟವೊಂದನ್ನು ನಿಗದಿಪಡಿಸಲಾಗುತ್ತದೆ. 2028ರಲ್ಲಿ ಬಳಕೆಯು ಆ ಮಟ್ಟವನ್ನು ಮೀರುವಂತಿಲ್ಲ. ಮುಂದೆ 2032ರಲ್ಲಿ ಶೇಕಡಾ 10, 2037ರಲ್ಲಿ ಶೇಕಡಾ 20, 2042ರಲ್ಲಿ ಶೇಕಡಾ 30 ಮತ್ತು 2047ರಲ್ಲಿ ಶೇಕಡಾ 85ರಷ್ಟು ಇಳಿಕೆಯಾಗಬೇಕು. ಈ ಲೆಕ್ಕವೂ ಕೇವಲ ಕಿಲೋಗಳದ್ದಲ್ಲ, ತಾಪವರ್ಧಕ ಸಾಮರ್ಥ್ಯದಿಂದ ಗುಣಿಸಿದ ತೂಕದ್ದು. ಆದುದರಿಂದ ದೊಡ್ಡ ಅಂಕಿಯ ಶೀತಕಗಳಿಗೆ ಮೊದಲು ಬಿಗಿ ತಟ್ಟುವುದು ಸಹಜ. ಐರೋಪ್ಯ ಒಕ್ಕೂಟವಂತೂ 2024ರ ತನ್ನ ನಿಯಮಾವಳಿಯಲ್ಲಿ 2050ರ ಹೊತ್ತಿಗೆ ಇವುಗಳನ್ನು ಪೂರ್ಣವಾಗಿ ಕೈಬಿಡುವುದೆಂದು ನಿಗದಿಪಡಿಸಿದೆ. ಶೀತಕಯಂತ್ರ ಅಥವಾ ಅದರ ಬಿಡಿಭಾಗಗಳನ್ನು ಆ ದೇಶಗಳಿಗೆ ಕಳುಹಿಸುವವರು ಇದನ್ನು ಮರೆಯುವಂತಿಲ್ಲ.

ಇದರ ವ್ಯಾವಹಾರಿಕ ಅರ್ಥ ಸ್ಪಷ್ಟ. ವಾಣಿಜ್ಯ ಬಳಕೆಯ ಶೀತಕಯಂತ್ರವನ್ನು ಹತ್ತು ಹದಿನೈದು ವರ್ಷ ಬಾಳಿಸುವುದು ರೂಢಿ. ಇಂದು ಕೊಳ್ಳುವ ಯಂತ್ರ 2032ರ ಇಳಿಕೆಯ ಗಡಿಯನ್ನು ದಾಟಿ, 2037ರ ಗಡಿಯ ಹತ್ತಿರಕ್ಕೂ ಬಾಳುತ್ತದೆ. ಪೂರೈಕೆ ಬಿಗಿಯಾದಾಗ ಬೆಲೆ ಏರುವುದು ಮಾರುಕಟ್ಟೆಯ ಧರ್ಮ; ಬೆಲೆ ಏರಿದಾಗ ಕಲಬೆರಕೆ ತಲೆಯೆತ್ತುವುದೂ ಅನುಭವದ ಮಾತು. ಇಂದು ಕಡಿಮೆ ದರಕ್ಕೆ ದೊರೆತ ಯಂತ್ರ ನಾಳೆ ಶೀತಕ ಸಿಗದೆ ಮೂಲೆ ಸೇರಿದರೆ ಅದು ಲಾಭದ ಖರೀದಿ ಎನಿಸಲಾರದು.

ಕೈಯಳತೆಯ ಕ್ರಮಗಳು

ಸಣ್ಣ ಉದ್ದಿಮೆದಾರರು ಹೆಚ್ಚಿನ ಬಂಡವಾಳವಿಲ್ಲದೆ ಮಾಡಬಹುದಾದ ಕೆಲಸಗಳು ಹಲವಿವೆ. ಮೊದಲನೆಯದು ದಾಖಲೆ. ಪ್ರತಿ ಯಂತ್ರಕ್ಕೂ ಒಂದು ಪುಟ ತೆರೆದು, ಯಾವ ಶೀತಕ, ಒಟ್ಟು ಎಷ್ಟು ಕಿಲೋ, ಯಾವ ದಿನ ಎಷ್ಟು ಮರುಭರ್ತಿ ಎಂಬುದನ್ನು ಬರೆದಿಡಬೇಕು. ಬಿಲ್ಲಿನಲ್ಲಿ ಬರಿದೆ 'ಗ್ಯಾಸ್ ಭರ್ತಿ' ಎಂದಿರದೆ ಶೀತಕದ ಹೆಸರು ಮತ್ತು ತೂಕ ನಮೂದಾಗಿರಬೇಕೆಂದು ಕೇಳಿ ಪಡೆಯಬೇಕು. ಎರಡು ವರ್ಷದ ಪುಟಗಳನ್ನು ನೋಡಿದರೆ ಸೋರುವ ಯಂತ್ರ ಯಾವುದೆಂದು ತಾನಾಗಿಯೇ ತಿಳಿಯುತ್ತದೆ.

ಎರಡನೆಯದಾಗಿ, ಸೋರಿಕೆಯನ್ನು ಹುಡುಕಿ ಮುಚ್ಚದೆ ಮರುಭರ್ತಿ ಮಾಡಿಸಬಾರದು. ಕೊಳವೆಗಳಿಗೆ ಸಾರಜನಕ ತುಂಬಿ ಒತ್ತಡ ಪರೀಕ್ಷೆ ಮಾಡುವುದು, ಜೋಡಣೆಗಳಿಗೆ ಸಾಬೂನಿನ ನೀರು ಹಚ್ಚಿ ಗುಳ್ಳೆ ನೋಡುವುದು, ಸಾಧ್ಯವಿರುವೆಡೆ ನಟ್ಟಿನ ಜೋಡಣೆಯ ಬದಲು ಬ್ರೇಜಿಂಗ್ ಮಾಡಿಸುವುದು, ಭರ್ತಿಗೆ ಮುನ್ನ ವ್ಯಾಕ್ಯೂಮ್ ಪಂಪು ಬಳಸುವುದು, ಇವು ನುರಿತ ಮೆಕ್ಯಾನಿಕ್ ಬಲ್ಲ ಕ್ರಮಗಳು. ದುರಸ್ತಿಗೆ ಮುನ್ನ ಯಂತ್ರದಲ್ಲಿ ಉಳಿದಿರುವ ಶೀತಕವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಂದೆಗೆದುಕೊಳ್ಳುವಂತೆ ಸೂಚಿಸಬೇಕು. 2019ರ ಭಾರತ ಶೀತಲೀಕರಣ ಕ್ರಿಯಾಯೋಜನೆಯು ಒಂದು ಲಕ್ಷ ತಂತ್ರಜ್ಞರ ತರಬೇತಿಯ ಗುರಿ ಇಟ್ಟುಕೊಂಡದ್ದು ಈ ಕೆಲಸದ ಮಹತ್ವವನ್ನು ಅರಿತೇ.

ಮೂರನೆಯದಾಗಿ, ಯಂತ್ರದ ಹೊರೆಯನ್ನು ಇಳಿಸಬೇಕು. ಹೊರಗಿನ ಕಂಡೆನ್ಸರ್ ಸುರುಳಿಯ ಧೂಳು ತೆಗೆಯುವುದು, ಅದಕ್ಕೆ ನೆರಳು ಹಾಗೂ ಗಾಳಿ ಒದಗಿಸುವುದು, ಬಾಗಿಲಿನ ರಬ್ಬರ್ ಪಟ್ಟಿ ಮತ್ತು ಪರದೆಗಳನ್ನು ಸರಿಯಾಗಿಡುವುದು, ಗೋಡೆಯ ಉಷ್ಣನಿರೋಧಕ ಹೊದಿಕೆ ಒದ್ದೆಯಾಗದಂತೆ ಕಾಯುವುದು, ಇವೆಲ್ಲ ವಿದ್ಯುತ್ತನ್ನೂ ಉಳಿಸುತ್ತವೆ.

ನಾಲ್ಕನೆಯದು ಹೊಸ ಖರೀದಿ. ದರಪಟ್ಟಿ ತರಿಸುವಾಗ ಬೆಲೆ ಮತ್ತು ನಕ್ಷತ್ರ ಸಂಖ್ಯೆಯೊಂದಿಗೆ ಶೀತಕದ ಹೆಸರು ಹಾಗೂ ಅದರ ತಾಪವರ್ಧಕ ಅಂಕಿಯನ್ನೂ ಬರೆದು ಕೊಡುವಂತೆ ಕೇಳಬೇಕು. ಬ್ಯಾಡಗಿಯ ಮೆಣಸಿನಕಾಯಿಯಂತಹ ಸರಕನ್ನು ತಿಂಗಳುಗಟ್ಟಲೆ ಕಾಪಿಡುವ ದೊಡ್ಡ ಶೀತಲಗೃಹಗಳಿಗೂ ಕರಾವಳಿಯ ಮಂಜುಗಡ್ಡೆ ಕಾರ್ಖಾನೆಗಳಿಗೂ ಅಮೋನಿಯಾ ಹಳೆಯ, ನಂಬಿಕೆಯ ಶೀತಕ. ಭೂತಾಪದ ದೃಷ್ಟಿಯಿಂದ ಅದು ನಿರಪಾಯಕಾರಿಯಾದರೂ ಉಸಿರಾಟಕ್ಕೆ ವಿಷ. ಪ್ರೊಪೇನ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಆರ್-32 ಕೂಡ ಅಲ್ಪಮಟ್ಟಿಗೆ ದಹನಶೀಲ. ಆದ್ದರಿಂದ ಸೋರಿಕೆಯ ಸೂಚಕ, ಗಾಳಿಯಾಡುವ ಯಂತ್ರಕೋಣೆ, ತರಬೇತಾದ ಸಿಬ್ಬಂದಿ ಇವುಗಳಿಲ್ಲದೆ ಬದಲಾವಣೆಗೆ ಕೈಹಾಕುವುದು ತರವಲ್ಲ. ಆರ್-22ಕ್ಕೆಂದು ತಯಾರಾದ ಯಂತ್ರಕ್ಕೆ ಅಗ್ಗವೆಂದು ಪ್ರೊಪೇನ್ ತುಂಬಿಸುವುದು ಅಪಘಾತಕ್ಕೆ ಆಹ್ವಾನವಿತ್ತಂತೆಯೇ ಸರಿ.

ಬೇಸಿಗೆ ಬಿಸಿಯಾದಷ್ಟೂ ತಂಪಿನ ಯಂತ್ರಗಳ ಬೇಡಿಕೆ ಹೆಚ್ಚುತ್ತದೆ, ಅವುಗಳ ವಿದ್ಯುತ್ತು ಮತ್ತು ಸೋರಿಕೆಯಿಂದ ಬೇಸಿಗೆ ಇನ್ನಷ್ಟು ಬಿಸಿಯಾಗುತ್ತದೆ. ಈ ಸುತ್ತನ್ನು ಮುರಿಯುವ ದೊಡ್ಡ ನಿರ್ಧಾರಗಳು ಸರ್ಕಾರಗಳಿಗೆ ಸೇರಿದವು. ಆದರೆ ಹಾಲು, ಮೀನು, ಹಣ್ಣು, ಔಷಧಗಳನ್ನು ಕೆಡದಂತೆ ಕಾಯುವ ಯಂತ್ರಗಳು ಇರುವುದು ವ್ಯಾಪಾರಸ್ಥರ ಮತ್ತು ಸಣ್ಣ ತಯಾರಕರ ಕೈಯಲ್ಲಿ. ಕಿಗಾಲಿ ತಿದ್ದುಪಡಿಯ ಪೂರ್ಣ ಪಾಲನೆಯಿಂದ ಈ ಶತಮಾನದ ಅಂತ್ಯಕ್ಕೆ ಅರ್ಧ ಡಿಗ್ರಿಯವರೆಗಿನ ತಾಪ ಏರಿಕೆಯನ್ನು ತಪ್ಪಿಸಬಹುದೆಂದು ಅಂದಾಜಿದೆ. ಆ ಅರ್ಧ ಡಿಗ್ರಿ ಸೇರುವುದು ಲಕ್ಷಾಂತರ ಸಣ್ಣ ಯಂತ್ರಗಳ ಜೋಡಣೆಗಳಿಂದಲೇ. ಮುಂದಿನ ಬಾರಿ "ಗ್ಯಾಸ್ ಕಡಿಮೆಯಾಗಿದೆ" ಎಂಬ ಮಾತು ಕೇಳಿದಾಗ, ಸಿಲಿಂಡರ್ ತರಿಸುವ ಮುನ್ನ ಮಾಲೀಕರು ಕೇಳಬೇಕಾದ ಪ್ರಶ್ನೆ ಒಂದೇ: ಸೋರಿದ್ದು ಎಲ್ಲಿಂದ?